ಉಗುರಿಗೆ ತಾಗುವ ಗೆರೆ

ವಿಜಯಪುರ
ಶುಕ್ರವಾರ ರಾತ್ರಿ

ಗೆಳೆಯಾ,

ಹೋದ ತಿಂಗಳು ಬೆಳಗಾವಿಯಿಂದ ಬಂದವನು ಒಂದೇ ರಾತ್ರಿ ಇದ್ದು ಹೋದೆ. ಊಟವಾದ ಮೇಲೆ ನನ್ನ ಅಂಚೆಚೀಟಿಯ ಆಲ್ಬಂ ತೆರೆದು ನಾಲ್ಕು ಪುಟ ಮಗುಚಿ, "ಬರೀ ಪರದೇಶದ ರಾಜ ರಾಣಿಯರೇ ತುಂಬಿದ್ದಾರಲ್ಲೋ, ಇವರಿಗೂ ನಿನಗೂ ಏನು ನೆಂಟಸ್ತನ?" ಎಂದು ಕೇಳಿದೆ. ನಾನು ಎಲೆ ಅಡಿಕೆಯ ತಟ್ಟೆಯನ್ನು ನಿನ್ನ ಕಡೆ ಸರಿಸಿ ಮಾತು ತೇಲಿಸಿಬಿಟ್ಟೆ. ಉತ್ತರ ಹೊಳೆದದ್ದು ನೀನು ಬಸ್ ಹತ್ತಿದ ಮೇಲೆ. ಶಾಲೆಯಲ್ಲೂ ನನ್ನ ಕಥೆ ಹೀಗೆಯೇ ಇತ್ತಲ್ಲ, ಗಂಟೆ ಬಾರಿಸಿ ಪತ್ರಿಕೆ ಕಸಿದುಕೊಂಡ ಮೇಲೆ ಲೆಕ್ಕ ಬಿಡುತ್ತಿತ್ತು.

ಮೊದಲು ಒಂದು ವಿಷಯ. ನಾನು ರಾಜ ರಾಣಿಯರನ್ನು ಕೂಡಿಡುತ್ತಿಲ್ಲ. ದೇಶಗಳನ್ನೂ ಕೂಡಿಡುತ್ತಿಲ್ಲ. ನೀನು ನೋಡಿದ ಆ ಪುಟಗಳಲ್ಲಿ ಸ್ವೀಡನ್, ಡೆನ್ಮಾರ್ಕ್, ಪೋಲೆಂಡ್, ಮೊನಾಕೊ ಎಲ್ಲ ಇವೆ, ಆದರೆ ಕೈ ಒಂದೇ. ಚೆಸ್ವಾವ್ ಸ್ವಾನಿಯಾ ಎಂಬ ಪೋಲೆಂಡಿನ ಕೆತ್ತನೆಗಾರನ ಕೈ. ಇಂಗ್ಲಿಷ್ ಬಲ್ಲವರು ಸ್ಲಾನಿಯಾ ಎಂದೇ ಓದುತ್ತಾರೆ. ಪೋಲಿಷ್ ಭಾಷೆಯಲ್ಲಿ ಎಲ್ ಅಕ್ಷರಕ್ಕೆ ಅಡ್ಡ ಗೀಟು ಎಳೆದರೆ ಅದು ನಮ್ಮ 'ವ'ಕ್ಕೆ ಹತ್ತಿರವಾಗುತ್ತದಂತೆ. ಎಷ್ಟೋ ಚೀಟಿಗಳ ಮೇಲೆ ಆ ಗೀಟು ಕಾಣುವುದಿಲ್ಲ. ಏಕವಚನದಲ್ಲಿ ಕರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡ. ದೇವರನ್ನೂ ನಾವು ಹಾಗೇ ಕರೆಯುತ್ತೇವೆ.

ಇದರ ಹುಚ್ಚು ಹತ್ತಿದ್ದು ಟಾಗೋರರಿಂದ. ಸ್ವೀಡನ್ ದೇಶದ ಅಂಚೆಯವರು ಪ್ರತಿ ವರ್ಷ, ಅರವತ್ತು ವರ್ಷ ಹಿಂದೆ ನೊಬೆಲ್ ಪಡೆದವರ ನೆನಪಿಗೆ ಚೀಟಿ ತರುತ್ತಿದ್ದರು. ಹಾಗೆ 1913ರವರ ಸರದಿ 1973ರಲ್ಲಿ ಬಂತು, ಅದರಲ್ಲಿ ಟಾಗೋರರಿದ್ದರು. ಹಳೆಯ ಚೀಟಿಗಳ ಒಂದು ಪೊಟ್ಟಣದಲ್ಲಿ ಅದು ನನಗೆ ಸಿಕ್ಕಿತು. ಗಡ್ಡ ನೋಡಿ ಗುರುತು ಹಿಡಿದು, ಧೂಳು ಒರೆಸಲೆಂದು ಹೆಬ್ಬೆರಳು ಆಡಿಸಿದೆ. ಉಗುರಿಗೆ ಏನೋ ತಡೆಯಿತು. ಕಸ ಇರಬೇಕೆಂದು ಮತ್ತೆ ಒರೆಸಿದೆ. ಕಸವಲ್ಲ, ಗೆರೆ. ಕಾಗದದ ಮೇಲೆ ಶಾಯಿ ಎದ್ದು ನಿಂತಿತ್ತು. ಆ ಚೀಟಿಯನ್ನು ಕೆತ್ತಿದವರು ಯಾರೆಂದು ಆಗ ನೋಡಲೂ ಇಲ್ಲ. ಆದರೆ ಅವತ್ತಿನಿಂದ ಕೈಗೆ ಬಂದ ಚೀಟಿಯನ್ನೆಲ್ಲ ಮೊದಲು ಉಗುರಿನಿಂದ ಓದುವ ಚಟ ಅಂಟಿತು.

ನಮ್ಮ ದೇಶದ ಹೆಚ್ಚಿನ ಚೀಟಿಗಳಲ್ಲಿ ಆ ತಡೆ ಸಿಗುವುದಿಲ್ಲ. 1948ರ ಆಗಸ್ಟ್ 15ರಂದು ಬಂದ ಗಾಂಧೀಜಿಯ ಚೀಟಿಗಳಿವೆಯಲ್ಲ, ಎಲ್ಲರೂ ಕನಸು ಕಾಣುವ ಹತ್ತು ರೂಪಾಯಿಯದು, ಅವು ಸ್ವಿಟ್ಜರ್ಲೆಂಡಿನಲ್ಲಿ, ಚಿತ್ರವನ್ನು ಫೋಟೊ ಮೂಲಕ ತಗಡಿಗೆ ಇಳಿಸುವ ಫೋಟೊಗ್ರಾವ್ಯೂರ್ ವಿಧಾನದಲ್ಲಿ ಅಚ್ಚಾದವು. ಚೆಂದವಾಗಿವೆ, ಆದರೆ ನುಣುಪು. ನಮ್ಮೂರಿನದೇ ಒಂದಿದೆ, ನಿನಗೆ ತೋರಿಸಿದ್ದೆ. 1949ರ ಆಗಸ್ಟ್ 15ರಂದು ಹೊರಟ ಸರಣಿಯಲ್ಲಿ ಆರು ಆಣೆಯ ನೇರಳೆ ಬಣ್ಣದ ಗೋಳಗುಮ್ಮಟ. ಅದೇ ಸರಣಿಯಲ್ಲಿ ತಾಜಮಹಲಿಗೆ ಐದು ರೂಪಾಯಿ, ಕುತುಬ್ ಮಿನಾರಿಗೆ ಹತ್ತು ರೂಪಾಯಿ, ನಮ್ಮ ಗುಮ್ಮಟಕ್ಕೆ ಆರಾಣೆ! ಈ ಅನ್ಯಾಯವನ್ನು ನಾನು ಇನ್ನೂ ಕ್ಷಮಿಸಿಲ್ಲ. ಅದರ ಮೇಲೂ ಉಗುರು ಆಡಿಸಿದೆ. ಪಿಸುಮಾತನ್ನೂ ಸುತ್ತು ಹಾಕಿಸಿ ತಿರುಗಿ ಕೇಳಿಸುವ ಗುಮ್ಮಟ ನನ್ನ ಉಗುರಿಗೆ ಮಾತ್ರ ಏನನ್ನೂ ಹೇಳಲಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ನಿನಗೆ ನೆನಪಿರಬೇಕು, ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಬಾಂಡೆ ಅಂಗಡಿಯ ಕಟ್ಟೆಗೆ ಹೋಗುತ್ತಿದ್ದೆವು. ಅಪ್ಪ ಗೋಣಿತಟ್ಟಿನ ಮೇಲೆ ಕುಳಿತು, ಎರಡು ಪಾದಗಳ ನಡುವೆ ತಂಬಿಗೆಯನ್ನು ಒತ್ತಿ ಹಿಡಿದು ಹೆಸರು ಹಾಕುತ್ತಿದ್ದ. ಮದುವೆಯ ಕಾಲದಲ್ಲಿ ಆಯೇರಿ ಕೊಡುವವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಕೂಲಿ ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ. ಜಗಳವೆಲ್ಲ ಒತ್ತಕ್ಷರದ್ದು. 'ಮಲ್ಲಪ್ಪ' ಎಂದರೆ ಮೂರು ಅಕ್ಷರವೋ ಐದೋ? ಅಪ್ಪ ಐದು ಎನ್ನುತ್ತಿದ್ದ, ಗಿರಾಕಿ ಮೂರು ಎನ್ನುತ್ತಿದ್ದ. ಕೊನೆಗೆ ನಾಲ್ಕಕ್ಕೆ ಇತ್ಯರ್ಥವಾಗುತ್ತಿತ್ತು. ಕನ್ನಡ ವ್ಯಾಕರಣದಲ್ಲಿ ಇಷ್ಟು ಚೊಕ್ಕ ರಾಜಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಮ್ಮೆ ಅವಸರದಲ್ಲಿ ಹಿತ್ತಾಳೆಯ ಕೊಡದ ಮೇಲೆ ಮೊದಲ ಅಕ್ಷರವೇ ತಪ್ಪಿತು. ಲೋಹದಲ್ಲಿ ಕೊರೆದದ್ದನ್ನು ಉಜ್ಜಿ ಅಳಿಸಲಾಗುವುದಿಲ್ಲ. ಅಪ್ಪ ಬೀಡಿ ಸೇದಿ ಮುಗಿಸುವವರೆಗೂ ಅದನ್ನೇ ನೋಡುತ್ತ ಕುಳಿತ. ಆಮೇಲೆ ಆ ಅಕ್ಷರದ ಸುತ್ತ ಎಸಳು ಕೊರೆದು ಕಮಲದ ಹೂ ಮಾಡಿದ, ಅದರ ಪಕ್ಕದಿಂದ ಹೆಸರು ಶುರು ಮಾಡಿದ. ಮರುದಿನ ಮೂವರು ಬಂದು, ನಮ್ಮದಕ್ಕೂ ಹೂ ಬೇಕು ಎಂದರು. ಹೂವಿಗೆ ಎರಡಕ್ಷರದ ಕೂಲಿ ನಿಗದಿಯಾಯಿತು.

ಚೀಟಿಯ ಕೆಲಸ ಇದಕ್ಕಿಂತ ಕಷ್ಟದ್ದು. ಅಪ್ಪ ನೇರವಾಗಿ ಬರೆಯುತ್ತಿದ್ದ, ಅಲ್ಲಿ ಎಲ್ಲವನ್ನೂ ಎಡಬಲ ತಿರುವಿ ಕೊರೆಯಬೇಕು. ಮೆದು ಉಕ್ಕಿನ ಒಂದು ಸಣ್ಣ ತುಂಡು, ಚಿತ್ರದ ಅಳತೆ ಚೀಟಿಯಷ್ಟೇ. ಬ್ಯೂರಿನ್ ಎಂಬ ಚೂಪು ಉಳಿಯನ್ನು ಅಂಗೈಯಿಂದ ಮುಂದಕ್ಕೆ ತಳ್ಳಿದರೆ ಉಕ್ಕು ಕೂದಲಿನಂತೆ ಸುರುಳಿ ಸುತ್ತಿ ಏಳುತ್ತದೆ. ಆಳವಾಗಿ ಕೊರೆದಲ್ಲಿ ಶಾಯಿ ಹೆಚ್ಚು ನಿಲ್ಲುತ್ತದೆ, ಅಲ್ಲಿ ಕತ್ತಲೆ. ಮೇಲೆ ಗೀರಿದಲ್ಲಿ ನಸುಬಣ್ಣ. ಕೊರೆಯದೆ ಬಿಟ್ಟದ್ದು ಬೆಳಕು. ಒಂದು ಮುಖ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ತಪ್ಪಿದರೆ ಅವರಿಗೆ ಕಮಲದ ಹೂವಿನ ಉಪಾಯವಿಲ್ಲ. ಉಕ್ಕನ್ನು ಹಿಂದಿನಿಂದ ಬಡಿದು ಉಬ್ಬಿಸಿ, ಮೇಲೆ ಸಾಫು ಮಾಡಿ, ಮತ್ತೆ ಕೊರೆಯಬೇಕು. ಕೆಲಸ ಮುಗಿದ ಮೇಲೆ ಆ ತುಂಡನ್ನು ಕಾಯಿಸಿ ಗಟ್ಟಿ ಮಾಡುತ್ತಾರೆ. ಅದರ ಅಚ್ಚನ್ನು ಒಂದು ಉಕ್ಕಿನ ಉರುಳೆಗೆ ಒತ್ತಿ, ಉರುಳೆಯಿಂದ ದೊಡ್ಡ ತಗಡಿಗೆ ಸಾಲುಸಾಲಾಗಿ ಇಳಿಸುತ್ತಾರೆ. ತಗಡಿಗೆ ಶಾಯಿ ಬಳಿದು ಒರೆಸಿದರೆ ಗೆರೆಯೊಳಗಿನ ಶಾಯಿ ಮಾತ್ರ ಉಳಿಯುತ್ತದೆ. ಭಾರಿ ಒತ್ತಡದಲ್ಲಿ ಕಾಗದ ಆ ಗೆರೆಗಳೊಳಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ನನ್ನ ಉಗುರಿಗೆ ತಡೆದದ್ದು ಅದು. 1840ರಲ್ಲಿ ಬಂದ ಜಗತ್ತಿನ ಮೊದಲ ಅಂಚೆಚೀಟಿ, ಇಂಗ್ಲೆಂಡಿನ ಪೆನ್ನಿ ಬ್ಲ್ಯಾಕ್ ಕೂಡ ಹೀಗೆ ಕೆತ್ತಿ ಅಚ್ಚು ಹಾಕಿದ್ದೇ.

ಸ್ವಾನಿಯಾ ಹುಟ್ಟಿದ್ದು 1921ರಲ್ಲಿ, ಪೋಲೆಂಡಿನ ಗಣಿಸೀಮೆಯ ಚೆಲಾಜ್ ಎಂಬ ಊರಿನಲ್ಲಿ. ಯುದ್ಧದ ಕಾಲದಲ್ಲಿ ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡುವವರಿಗೆ ನಕಲಿ ಕಾಗದಪತ್ರ ಮಾಡಿಕೊಡುತ್ತಿದ್ದ. ಖೋಟಾ ದಾಖಲೆ ಮಾಡಿದ ಅದೇ ಕೈ ಮುಂದೆ ಸರ್ಕಾರಗಳ ನೋಟುಗಳನ್ನೂ ಕೆತ್ತಿತು. ಯುದ್ಧ ಮುಗಿದ ಮೇಲೆ ಕ್ರಾಕೋವ್ ನಗರದಲ್ಲಿ ಕಲೆ ಓದಿ, 1951ರಲ್ಲಿ ಪ್ಯಾರಿಸ್ ಕಮ್ಯೂನ್ ಎಂಬ ಕಾರ್ಮಿಕರ ದಂಗೆಯ ಎಂಬತ್ತನೆಯ ವರ್ಷದ ಚೀಟಿಯನ್ನು ತನ್ನ ಹೆಸರಿನಲ್ಲಿ ಕೆತ್ತಿದ. 1956ರಲ್ಲಿ ಸ್ವೀಡನ್ನಿಗೆ ಹೋದವನು ಅಲ್ಲೇ ನಿಂತ. ಒಟ್ಟು ಕೆತ್ತಿದ್ದು ಸಾವಿರಕ್ಕೂ ಹೆಚ್ಚು ಚೀಟಿ, ಸುಮಾರು 30 ದೇಶಗಳಿಗೆ. ಸಾವಿರದ ಲೆಕ್ಕ ತುಂಬಿಸಿದ್ದು 2000ದಲ್ಲಿ, ಸ್ವೀಡನ್ನಿನ ರಾಜರ ಸಾಹಸಗಳ ಹಳೆಯ ಚಿತ್ರವೊಂದನ್ನು ಆಧರಿಸಿದ ಐವತ್ತು ಕ್ರೋನರ್ ಬೆಲೆಯ ದೊಡ್ಡ ಚೀಟಿ. ಅದರೊಳಗೆ ಜನಜಂಗುಳಿ, ಮೋಡ, ದೇವತೆಗಳು. ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಅಷ್ಟು ಹಿಡಿಸುವುದಿಲ್ಲ. ಸಂತೆಯಲ್ಲಿ ನಿಂತಂತಾಗುತ್ತದೆ, ಯಾರ ಮುಖವನ್ನೂ ನೋಡಲಾಗುವುದಿಲ್ಲ.

ನನಗೆ ಬೇಕಾದದ್ದು ಒಂಟಿ ಮುಖ. 2024ರವರೆಗೆ ಡೆನ್ಮಾರ್ಕಿನ ರಾಣಿಯಾಗಿದ್ದ ಎರಡನೇ ಮಾರ್ಗ್ರೆಥೆಯ ನಿತ್ಯಬಳಕೆಯ ಚೀಟಿಗಳಿವೆ, ಕೆಂಪು, ನೀಲಿ, ಹಸಿರು. ಬೆಲೆಯೇ ಇಲ್ಲದವು, ತೂಕದ ಲೆಕ್ಕದಲ್ಲಿ ಬರುತ್ತವೆ. ಲಕೋಟೆಯ ತುಂಡಿನ ಸಮೇತ ಉಗುರುಬೆಚ್ಚನೆಯ ನೀರಿನ ಪರಾತದಲ್ಲಿ ಬಿಡುತ್ತೇನೆ. ಹದಿನೈದು ನಿಮಿಷದಲ್ಲಿ ಅಂಟು ಬಿಟ್ಟು ರಾಣಿ ತಾನಾಗಿಯೇ ತೇಲಿ ಬರುತ್ತಾಳೆ. ಹಳೆಯ ಪತ್ರಿಕೆಯ ನಡುವೆ ಒಣಗಿಸಿ, ಅಪ್ಪನ ಭೂತಗನ್ನಡಿ ಹಿಡಿಯುತ್ತೇನೆ. ಕೆನ್ನೆಯಲ್ಲಿ ಒಂದೂ ಉದ್ದ ಗೆರೆ ಇಲ್ಲ, ನೋಡು. ಕಿವಿಯ ಹತ್ತಿರ ಹೊರಟ ಗೆರೆ ಕೆನ್ನೆಯ ಉಬ್ಬು ಏರುತ್ತಿದ್ದಂತೆ ತೆಳುವಾಗುತ್ತದೆ, ಆಮೇಲೆ ತುಂಡಾಗುತ್ತದೆ, ಕೊನೆಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳಾಗುತ್ತದೆ. ಮೂಗಿನ ಪಕ್ಕ ಚುಕ್ಕೆಯೂ ಇಲ್ಲ, ಬರಿಯ ಕಾಗದ. ಆ ಬರಿಯ ಕಾಗದವೇ ಚರ್ಮದ ಹೊಳಪು. ಭೂತಗನ್ನಡಿ ತೆಗೆದರೆ ಚುಕ್ಕೆಗಳೆಲ್ಲ ಮಾಯವಾಗಿ ಹೆಂಗಸೊಬ್ಬಳು ನೋಡುತ್ತಿರುತ್ತಾಳೆ. ಎಷ್ಟು ಸಲ ನೋಡಿದರೂ ಈ ಚುಕ್ಕೆ ಕೆನ್ನೆಯಾಗುವ ಗಳಿಗೆ ನನ್ನ ಕೈಗೆ ಸಿಕ್ಕಿಲ್ಲ.

ಒಮ್ಮೆ ಮೋಸವೂ ಹೋದೆ. ಮೊಬೈಲಿನಲ್ಲಿ ಚಿತ್ರ ನೋಡಿ ಒಬ್ಬ ವ್ಯಾಪಾರಿಗೆ ಒಂದೂವರೆ ಸಾವಿರ ರೂಪಾಯಿ ಕಳುಹಿಸಿದೆ. ಕಟ್ಟು ಬಂತು, ನೋಡಲು ಥಳಥಳ. ಉಗುರು ಆಡಿಸಿದರೆ ಜಾರಿ ಹೋಯಿತು, ಗಾಜಿನ ಮೇಲೆ ಜಾರಿದಂತೆ. ಬಣ್ಣದ ಪ್ರಿಂಟರಿನಲ್ಲಿ ತೆಗೆದು ಹಲ್ಲಂಚು ಕತ್ತರಿಸಿದ್ದ ಪ್ರತಿಗಳು. ಮನೆಯಲ್ಲಿ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ.

ಆದರೆ ನಾನು ಒಂದೇ ಕೈಯ ಹಿಂದೆ ಬಿದ್ದದ್ದಕ್ಕೆ ಕಾರಣ ಕೆನ್ನೆಯೂ ಅಲ್ಲ, ಚುಕ್ಕೆಯೂ ಅಲ್ಲ. ಸ್ವೀಡನ್ನಿನ ಚೀಟಿಗಳ ಕೆಳ ಅಂಚಿನಲ್ಲಿ ಇರುವೆಯ ಸಾಲಿನಂತೆ ಒಂದು ಬರಹ ಇರುತ್ತದೆ. ಮೊದಲು ಅದನ್ನು ಬರಿಯ ಅಲಂಕಾರ ಎಂದುಕೊಂಡಿದ್ದೆ. ಭೂತಗನ್ನಡಿ ಹಿಡಿದರೆ ಹೆಸರು, ಹೆಸರಿನ ಮುಂದೆ ಎಸ್, ಸಿ ಎಂಬ ಎರಡು ಅಕ್ಷರ. ಲ್ಯಾಟಿನ್ ಭಾಷೆಯ 'ಸ್ಕಲ್ಪ್ಸಿಟ್' ಎಂಬುದರ ಮೊಟಕು ರೂಪವದು. ಕೆತ್ತಿದನು ಎಂದು ಅರ್ಥ. ನಮ್ಮ ಹಳೆಯ ಶಾಸನಗಳಲ್ಲಿ ಇದಕ್ಕೆ ಎಷ್ಟು ಒಳ್ಳೆಯ ಮಾತಿದೆ, 'ಕಂಡರಿಸಿದ'! ರಾಜನ ಬಿರುದಾವಳಿ, ದಾನ, ಶಾಪ ಎಲ್ಲ ಮುಗಿದ ಮೇಲೆ, ಇಂಥವನು ಬರೆದ, ಇಂಥವನು ಕಂಡರಿಸಿದ. ಪಟ್ಟದಕಲ್ಲಿಗೆ ಶಾಲೆಯಿಂದ ಹೋದಾಗ ನೀನು ಮಲಪ್ರಭೆಯಲ್ಲಿ ಚಪ್ಪಲಿ ಕಳೆದುಕೊಂಡೆಯಲ್ಲ, ಅಲ್ಲಿಯ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಅದನ್ನು ಕಟ್ಟಿದ ಗುಂಡನ ಹೆಸರಿದೆ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಬಂದ ಸಂಗತಿಯಿದೆ. ಎಂಟನೆಯ ಶತಮಾನದ ಮಾತು. ಕಟ್ಟಿಸಿದ ರಾಣಿ ಲೋಕಮಹಾದೇವಿಯ ಜತೆ ಕಟ್ಟಿದವನೂ ಉಳಿದಿದ್ದಾನೆ. ಅಲ್ಲಿ ಗುಂಡ, ಇಲ್ಲಿ ಸ್ವಾನಿಯಾ. ಅಂಚೆಯವರು ಠಸ್ಸೆ ಹೊಡೆದು ರಾಣಿಯ ಮುಖಕ್ಕೆ ಮಸಿ ಬಳಿದರೂ ಎಷ್ಟೋ ಸಲ ಆ ಅಂಚಿನ ಹೆಸರು ಮಾತ್ರ ಚೊಕ್ಕವಾಗಿ ಉಳಿದಿರುತ್ತದೆ.

ಅಪ್ಪ ಮೂವತ್ತೆಂಟು ವರ್ಷ ಈ ಊರಿನ ಬಾಂಡೆಗಳ ಮೇಲೆ ಹೆಸರು ಹಾಕಿದ. ಆಮೇಲೆ ಕರೆಂಟಿನ ಪೆನ್ನು ಬಂತು, ಕರ್ರೆಂದು ಸದ್ದು ಮಾಡುತ್ತ ಚುಕ್ಕೆ ಚುಕ್ಕೆಯಾಗಿ ಬರೆಯುವುದು. ಅಪ್ಪ ಅದನ್ನು ಮುಟ್ಟಲಿಲ್ಲ. ಎಷ್ಟು ಹೆಸರು ಕೊರೆದಿರಬಹುದು, ನನಗೂ ಅಂದಾಜಿಲ್ಲ. ಅದರಲ್ಲಿ ಅವನ ಹೆಸರು ಒಂದೂ ಇಲ್ಲ. ನಮ್ಮ ಮನೆಯ ಪಾತ್ರೆಗಳ ಮೇಲೆ ಹೆಸರೇ ಹಾಕಲಿಲ್ಲ, ಕೂಲಿ ಕೊಡುವವರು ಯಾರು ಎಂದು ನಗುತ್ತಿದ್ದ. ಅವನು ಹೋದ ಮೇಲೆ ಹುಡುಕಿದರೆ ಮನೆಯಲ್ಲಿ ಅವನ ಅಕ್ಷರ ಒಂದೂ ಸಿಗಲಿಲ್ಲ.

ಆದರೆ ಅವನ ಕೈ ನನಗೆ ಗೊತ್ತು. 'ಳ'ದ ಬಾಲವನ್ನು ಎಲ್ಲರಿಗಿಂತ ಉದ್ದ ಎಳೆದು ತುದಿಯಲ್ಲಿ ಸಣ್ಣ ಕೊಕ್ಕೆ ಹಾಕುತ್ತಿದ್ದ. ಆ ಕೊಕ್ಕೆಗೆ ಮಾತ್ರ ಕೂಲಿ ಕೇಳಿದ್ದಿಲ್ಲ. ಈಗ ಯಾರ ಮನೆಗೆ ಹೋದರೂ ನೀರು ಕೊಟ್ಟ ತಂಬಿಗೆಯನ್ನು ತಿರುಗಿಸಿ ನೋಡುತ್ತೇನೆ. ಜನ ನನಗೆ ಮಡಿಯ ಹುಚ್ಚು ಹಿಡಿದಿದೆ ಎಂದುಕೊಂಡಿದ್ದಾರೆ. ಇದುವರೆಗೆ ಹನ್ನೊಂದು ಸಿಕ್ಕಿವೆ. ಪ್ರತಿಯೊಂದರ ಮೇಲೂ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದುಕೊಂಡಿದ್ದೇನೆ. ಆಲ್ಬಮ್ಮಿನ ಕೊನೆಯ ಎರಡು ಪುಟಗಳಲ್ಲಿ ಅವೇ ಇವೆ. ನೀನು ಅಲ್ಲಿಯವರೆಗೆ ಮಗುಚಲಿಲ್ಲ.

ಹಾಗಾಗಿ ಒಂದು ಕೆಲಸ ಹೇಳುತ್ತೇನೆ, ದೋಸ್ತ. ನಿನ್ನ ಅಕ್ಕನ ಮದುವೆಗೆ ಇಲ್ಲಿಂದ ಹನ್ನೆರಡು ಗಂಗಾಳ, ಒಂದು ಹಿತ್ತಾಳೆಯ ಹಂಡೆ ಕೊಂಡಿದ್ದಿರಿ. ಹೆಸರು ಹಾಕಿದ್ದು ಅಪ್ಪನೇ, ಹಂಡೆ ಹಿಡಿದುಕೊಂಡು ಕುಳಿತಿದ್ದವನು ನಾನು. ಹಂಡೆ ಇನ್ನೂ ನಿಮ್ಮ ಮಾಳಿಗೆಯ ಮೇಲೆ ಇದೆ ಎಂದು ಆ ರಾತ್ರಿ ನೀನೇ ಹೇಳಿದೆ. ದೀಪಾವಳಿಗೆ ಹಳೆಯ ಸಾಮಾನು ಹಾಕಿ ಹೊಸದು ತರುವ ಯೋಚನೆ ಇದೆ ಎಂದು ವೈನಿಯವರೂ ಫೋನಿನಲ್ಲಿ ಅಂದರು. ಅವರಿಗೆ ನನ್ನ ನಮಸ್ಕಾರ ಹೇಳು, ಹಂಡೆಯ ತೂಕಕ್ಕೆ ಬರುವ ದುಡ್ಡನ್ನು ನಾನು ಕೊಡುತ್ತೇನೆ ಎಂದೂ ಹೇಳು. ನಾನು ಬರುವವರೆಗೆ ಅದು ಇದ್ದಲ್ಲೇ ಇರಲಿ. ಕಿಲುಬು ಹಿಡಿದಿದ್ದರೆ ಹಿಡಿದಿರಲಿ, ಹುಣಸೆಹಣ್ಣು ಹಾಕಿ ತಿಕ್ಕಲು ಮಾತ್ರ ಬಿಡಬೇಡ, ಗೆರೆ ಸವೆಯುತ್ತದೆ.

ಇತಿ ನಿನ್ನ,
ಬಾಂಡೆ ಅಂಗಡಿಯ ಕಟ್ಟೆಯ ಗೆಳೆಯ