ಉಲ್ಹಾಸ್‌ನಗರದ ಹಿರಿಯರಿಗೆ ಕೃತಜ್ಞತೆಯ ನಮಸ್ಕಾರ

ದೇಶವಿಭಜನೆಯ ನಂತರ ಸಿಂಧ್ ಪ್ರಾಂತ್ಯದಿಂದ ಬಂದು ಮುಂಬೈ ಸುತ್ತಮುತ್ತ ನೆಲೆಸಿದ ಕುಟುಂಬಗಳನ್ನು ಕುರಿತು ನಾನು ಬರೆದ ಸಂಶೋಧನಾ ಪ್ರಬಂಧಕ್ಕೆ ಕಳೆದ ವಾರ ಡಾಕ್ಟರೇಟ್ ಪದವಿ ದೊರೆತಿದೆ. ಮನೆಗೆ ಬಂದು, ಫೋನ್ ಮಾಡಿ ಅಭಿನಂದಿಸಿದ ಮುಂಬೈ ಮತ್ತು ಡೊಂಬಿವಲಿಯ ಕನ್ನಡ ಬಂಧುಗಳೆಲ್ಲರಿಗೂ ವಂದನೆಗಳು. ಆದರೆ ಈ ಪದವಿಯ ಹಿಂದೆ ಯಾರ ಋಣವಿದೆ ಎಂಬುದನ್ನು ನಾಲ್ಕು ಜನರೆದುರು ಹೇಳದೆ ನನಗೆ ಸಮಾಧಾನವಿಲ್ಲ.

ನಮ್ಮ ಹಿರಿಯರು ಧಾರವಾಡದ ಕಡೆಯವರು. ಧಾರವಾಡ, ಬೆಳಗಾವಿ, ವಿಜಾಪುರಗಳಂತೆ ಸಿಂಧ್ ಕೂಡ 1936ರವರೆಗೆ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. 1947ರಲ್ಲಿ ಅದು ಪರದೇಶವಾಯಿತು. 1948ರ ಜನವರಿ 6ರಂದು ಕರಾಚಿಯಲ್ಲಿ ನಡೆದ ಗಲಭೆಯ ಬಳಿಕ, ಅದುವರೆಗೂ ಊರು ಬಿಡಲು ಒಪ್ಪದಿದ್ದ ಅನೇಕರು ಹಡಗು ಹತ್ತಿದರು. ಹಾಗೆ ಬಂದವರಲ್ಲಿ ಬಹಳಷ್ಟು ಜನರಿಗೆ ಆಸರೆಯಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಬಳಿ ಸೈನಿಕರಿಗಾಗಿ ಕಟ್ಟಿದ್ದ ಬ್ಯಾರಕ್ಕುಗಳು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಆ ಶಿಬಿರಕ್ಕೆ ಉಲ್ಹಾಸ್‌ನಗರವೆಂಬ ಹೆಸರಿಟ್ಟರೂ, ಅಲ್ಲಿಯವರು ಇಂದಿಗೂ ವಿಳಾಸ ಹೇಳುವುದು ಕ್ಯಾಂಪಿನ ಸಂಖ್ಯೆಯಿಂದಲೇ.

ಮೊದಲ ನಮಸ್ಕಾರ ಕ್ಯಾಂಪ್ ಮೂರರ ಅಜ್ಜಿಯೊಬ್ಬರಿಗೆ. ಹನ್ನೊಂದನೆಯ ವಯಸ್ಸಿನಲ್ಲಿ ಸಿಂಧ್‌ನ ಶಿಕಾರ್‌ಪುರದಿಂದ ಬಂದ ಅವರು, ಪರಿಚಯವೇ ಇಲ್ಲದ ನನ್ನ ಮುಂದೆ ಸಿಂಧಿ ಮನೆಗಳ ಪದ್ಧತಿಯಂತೆ ಸುಟ್ಟ ಹಪ್ಪಳ ಮತ್ತು ನೀರನ್ನು ಇಟ್ಟ ಮೇಲೆಯೇ ಮಾತಿಗೆ ಕುಳಿತರು. ಒಂದೇ ಬ್ಯಾರಕ್ಕಿನಲ್ಲಿ ಗೋಣಿತಾಟು ಕಟ್ಟಿಕೊಂಡು ಹಲವು ಸಂಸಾರಗಳು ಬದುಕುತ್ತಿದ್ದುದರಿಂದ, ಆಚೆಯವರಿಗೆ ಕೇಳಿಸೀತೆಂದು ಅವರ ತಾಯಿ ಒಳಗೆ ಅಳುತ್ತಿರಲಿಲ್ಲವಂತೆ; ನಸುಕಿನಲ್ಲಿ ನಳದ ಸರದಿಗೆ ನಿಂತಾಗ, ಹೇಗೂ ಎಲ್ಲ ಹೆಂಗಸರ ಕಣ್ಣೂ ಕೆಂಪಗಿರುತ್ತಿದ್ದ ಆ ಹೊತ್ತಿನಲ್ಲಿ, ಅತ್ತು ಮುಗಿಸಿ, ಬಂದು ಹಪ್ಪಳ ಲಟ್ಟಿಸಲು ಕೂರುತ್ತಿದ್ದರಂತೆ. ಆ ಹಪ್ಪಳವನ್ನು ಲೋಕಲ್ ರೈಲಿನಲ್ಲಿ ಮಾರಿದ ಮಕ್ಕಳಲ್ಲಿ ಈ ಅಜ್ಜಿಯೂ ಒಬ್ಬರು. ಅವರ ತಗಡಿನ ಪೆಟ್ಟಿಗೆಯಲ್ಲಿ, 1950ರ ಕಾನೂನಿನಂತೆ ಬಿಟ್ಟುಬಂದ ಆಸ್ತಿಗಾಗಿ ತಂದೆ ಸಲ್ಲಿಸಿದ ಅರ್ಜಿಯ ನಕಲು ಇದೆ. ಕೋಣೆಗಳು, ಅಂಗಳ, ಬಾವಿ ಎಲ್ಲವನ್ನೂ ಅಳತೆ ಸಹಿತ ನಮೂದಿಸಿದ ತಂದೆ, ಕೊನೆಗೆ ಬೇರೆ ಶಾಯಿಯಲ್ಲಿ ಒಂದು ಬೇವಿನ ಮರವನ್ನೂ ಸೇರಿಸಿದ್ದಾರೆ. ಅದರ ಮುಂದೆ ಬೆಲೆ ಬರೆದಿಲ್ಲ.

ಸತ್ತವರಿಗೆ ನಮ್ಮಲ್ಲಿ ಹದಿಮೂರು ದಿನಗಳ ಕರ್ಮವಿದೆ, ಬಂದು ಕೂರುವ ನೆಂಟರಿದ್ದಾರೆ. ಮನೆ ಅಲ್ಲಿಯೇ ನಿಂತಿದೆ, ಯಾರೋ ಅದರಲ್ಲಿ ದೀಪ ಹಚ್ಚುತ್ತಿದ್ದಾರೆ, ನಾವು ಮಾತ್ರ ಹೋಗುವಂತಿಲ್ಲ ಎಂಬ ದುಃಖಕ್ಕೆ ಯಾವ ಕರ್ಮವೂ ಇಲ್ಲ. ಹೀಗೆ ಕೊನೆಗಾಣದ ಅಗಲಿಕೆಯನ್ನು ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಅವರು ಅಧ್ಯಯನ ಮಾಡಿದ್ದಾರೆ. ನನಗೆ ಅದರ ಅರ್ಥ ತಿಳಿದದ್ದು ಈ ಹಿರಿಯರ ಮನೆಗಳಲ್ಲಿ. ಕಳೆದುಕೊಂಡದ್ದನ್ನು ಅವರು ಮರೆಯಲಿಲ್ಲ, ಅದರ ಒಂದೊಂದು ಭಾಗವನ್ನು ಇಲ್ಲಿ ಮತ್ತೆ ಕಟ್ಟಿದರು. ಕರಾಚಿಯ ಡಿ. ಜೆ. ಸಿಂಧ್ ಕಾಲೇಜಿನಿಂದ ಬಂದ ಅಧ್ಯಾಪಕರು 1948ರಲ್ಲೇ ಮುಂಬೈಯಲ್ಲಿ ಜೈ ಹಿಂದ್ ಕಾಲೇಜನ್ನು ಆರಂಭಿಸಿದರು. ಸಿಂಧಿಗಳ ಹೊಸ ವರ್ಷವಾದ ಚೇಟಿ ಚಂದ್ ದಿನ ಅವರ ಆರಾಧ್ಯದೈವ ಝೂಲೇಲಾಲನ ಮೆರವಣಿಗೆ ಈ ಊರುಗಳಲ್ಲಿ ಹೊರಡತೊಡಗಿತು. ಕನ್ನಡಿಗರಾದ ನಮಗೆ 1956ರಲ್ಲಿ ನಮ್ಮದೇ ರಾಜ್ಯ ಸಿಕ್ಕಿತು. ಅವರ ನುಡಿಗೆ ಇಲ್ಲಿ ರಾಜ್ಯವಿರಲಿಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ಪಡೆಯಲು ಸಹ ಅದು 1967ರವರೆಗೆ ಕಾಯಬೇಕಾಯಿತು.

ಬಾಗಿಲಲ್ಲೇ ಕೈಮುಗಿದು, ಆ ವಿಷಯ ಬೇಡವೆಂದು ನನ್ನನ್ನು ಕಳುಹಿಸಿದವರಿಗೂ ನಾನು ಕೃತಜ್ಞಳು. ಸಿಂಧಿಗಳು ಬರಿಗೈಯಲ್ಲಿ ಬಂದು ವ್ಯಾಪಾರದಲ್ಲಿ ಗೆದ್ದರೆಂದು ನಾವೆಲ್ಲ ಮೆಚ್ಚಿ ಮಾತನಾಡುತ್ತೇವೆ. ಆ ಮೆಚ್ಚುಗೆಯಲ್ಲಿ, ಗೆಲ್ಲಲಾಗದವರ ಮತ್ತು ಗೆದ್ದ ಮೇಲೂ ಬಾಯಿಬಿಡಲಾಗದವರ ನೋವು ಮುಚ್ಚಿಹೋಗಬಾರದೆಂಬ ಎಚ್ಚರವನ್ನು ನನ್ನಲ್ಲಿ ಮೂಡಿಸಿದವರು ಅವರೇ.

ಅರಬ್ಬಿ ಲಿಪಿಯ ಸಿಂಧಿ ಕಾಗದಪತ್ರಗಳನ್ನು ಮೊಮ್ಮಕ್ಕಳು ಓದಲಾರದ ಮನೆಗಳೇ ಹೆಚ್ಚು. ಅಂಥ ಪತ್ರಗಳನ್ನು ಸಾಲುಸಾಲಾಗಿ ಓದಿ ಹಿಂದಿಯಲ್ಲಿ ವಿವರಿಸಿದ ಚೆಂಬೂರಿನ ನಿವೃತ್ತ ಶಿಕ್ಷಕರಿಗೆ, ಅವಸರಪಡಿಸದ ನನ್ನ ಮಾರ್ಗದರ್ಶಕರಿಗೆ, ಮಗಳನ್ನು ನೋಡಿಕೊಂಡು ನನ್ನನ್ನು ಹೊರಗೆ ಕಳುಹಿಸಿದ ಅತ್ತೆಯವರಿಗೆ ನಾನು ಚಿರಋಣಿ. ಸಂದರ್ಶನಗಳ ಧ್ವನಿಮುದ್ರಣದ ಪ್ರತಿಗಳನ್ನು ಈಗ ಆಯಾ ಮನೆಗಳಿಗೆ ತಲುಪಿಸುತ್ತಿದ್ದೇನೆ. ಹಿರಿಯರು ತೀರಿಕೊಂಡು ಮನೆ ಬದಲಿಸಿದ ಕುಟುಂಬಗಳು ಕೆಲವಿವೆ. ಅಂಥವರ ಪರಿಚಯ ಯಾರಿಗಾದರೂ ಇದ್ದಲ್ಲಿ, ಅವರ ಹಿರಿಯರ ದನಿ ನನ್ನ ಬಳಿ ಭದ್ರವಾಗಿದೆಯೆಂದು ದಯವಿಟ್ಟು ತಿಳಿಸಬೇಕಾಗಿ ವಿನಂತಿ.