ಬ್ರಿಸ್ಟಲ್‌ನಲ್ಲಿರುವ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ನೀನು ಸೋತೆ ಎಂದು ನಿನ್ನಪ್ಪ ಹೇಳಿದ. ಸೋತದ್ದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. "ಇನ್ನು ಆ ಕಡೆ ತಲೆ ಹಾಕುವುದಿಲ್ಲ" ಎಂದೆಯಂತಲ್ಲ, ಅದು ಮೂರು ದಿನದಿಂದ ಕೊರೆಯುತ್ತಿದೆ. ಫೋನಿನಲ್ಲಿ ಹೇಳಿದರೆ "ಹ್ಞೂಂ ದೊಡ್ಡಪ್ಪ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ನೀನಿರುವ ಊರಿನಿಂದಲೇ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ರಾಜಕೀಯ ಮಾಡಿದ ಟೋನಿ ಬೆನ್ ಅವರ ವಿಷಯ ಹೇಳುತ್ತೇನೆ, ಕೇಳು. ಅಂಚೆ ಇಲಾಖೆಯಲ್ಲಿ ಆಯುಸ್ಸು ಸವೆಸಿದ ನನಗೆ ಅವರ ಪರಿಚಯವಾದದ್ದು ಅಂಚೆಚೀಟಿಯಿಂದ. 1964ರಿಂದ 1966ರವರೆಗೆ ಅವರು ಬ್ರಿಟನ್ನಿನ ಪೋಸ್ಟ್‌ಮಾಸ್ಟರ್ ಜನರಲ್, ಅಂದರೆ ಅಂಚೆ ಮಂತ್ರಿ. ಆ ದೇಶದ ಚೀಟಿಯ ಮೇಲೆ ದೇಶದ ಹೆಸರೇ ಇರುವುದಿಲ್ಲ, ಸಿಂಹಾಸನದಲ್ಲಿರುವವರ ಮುಖವೇ ಹೆಸರು. ಆಗ ಇದ್ದದ್ದು ರಾಣಿ ಎರಡನೇ ಎಲಿಜಬೆತ್ ಮುಖ. ಆ ಮುಖಕ್ಕೇ ಜಾಗವೆಲ್ಲ ಹೋಗಿ ಚಿತ್ರ ಇಕ್ಕಟ್ಟಾಗುತ್ತಿತ್ತು. ಅದನ್ನು ತೆಗೆದೇಬಿಡೋಣವೆಂದು ಬೆನ್, ಡೇವಿಡ್ ಜೆಂಟಲ್‌ಮನ್ ಎಂಬ ಕಲಾವಿದರ ನಮೂನೆಗಳನ್ನು ಹಿಡಿದುಕೊಂಡು ನೇರ ರಾಣಿಯ ಹತ್ತಿರವೇ ಹೋದರು. ಮುಖ ಹೋಗಲಿಲ್ಲ. ಆದರೆ ಉಗುರಿನಷ್ಟು ನೆರಳುಚಿತ್ರವಾಗಿ ಮೂಲೆಗೆ ಸರಿಯಿತು. ನನ್ನ ಆಲ್ಬಮ್ಮಿನಲ್ಲಿ 1966ರಲ್ಲಿ ಹೊರಬಂದ, ಹೇಸ್ಟಿಂಗ್ಸ್ ಎಂಬ ಹಳೆಯ ಕಾಲದ ಕದನದ ಚಿತ್ರಗಳ ಚೀಟಿಗಳಿವೆ. ಚಿಕ್ಕವಳಿದ್ದಾಗ ನೀನು ಭೂತಗನ್ನಡಿ ಹಿಡಿದು "ಇಷ್ಟು ಸಣ್ಣ ತಲೆ ಯಾರದು?" ಎಂದು ಕೇಳಿದ್ದೆ. ಇವತ್ತು ಉತ್ತರ ಪೂರ್ತಿ ಮಾಡುತ್ತಿದ್ದೇನೆ.

1942ರಲ್ಲಿ ನಮ್ಮಲ್ಲಿಗೆ ಸಂಧಾನಕ್ಕೆ ಬಂದು ಬರಿಗೈಯಲ್ಲಿ ಹೋದ ಸ್ಟಾಫರ್ಡ್ ಕ್ರಿಪ್ಸ್ ಇದ್ದರಲ್ಲ, ಅವರು ಬಿಟ್ಟ ಕ್ಷೇತ್ರಕ್ಕೆ 1950ರ ಉಪಚುನಾವಣೆಯಲ್ಲಿ ಆರಿಸಿ ಬಂದಾಗ ಬೆನ್‌ಗೆ ಇಪ್ಪತ್ತೈದು ವರ್ಷ. ಅವರಪ್ಪ ಒಂದು ಕಾಲಕ್ಕೆ ಭಾರತ ವ್ಯವಹಾರಗಳ ಮಂತ್ರಿಯಾಗಿದ್ದವರು, ಆಮೇಲೆ ವೈಕೌಂಟ್ ಎಂಬ ವಂಶಪಾರಂಪರ್ಯದ ಪದವಿ ಪಡೆದು ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಹೋದವರು. ಅಣ್ಣ ಯುದ್ಧದಲ್ಲಿ ತೀರಿಕೊಂಡಿದ್ದರಿಂದ 1960ರಲ್ಲಿ ಅಪ್ಪ ಸತ್ತಾಗ ಆ ಪದವಿ ಬೇಡವೆಂದರೂ ಇವರ ತಲೆಗೆ ಬಂತು. ಲಾರ್ಡ್ ಆದವನು ಜನ ಆರಿಸುವ ಕಾಮನ್ಸ್ ಸಭೆಯಲ್ಲಿ ಕೂರುವಂತಿರಲಿಲ್ಲ. ಸ್ಥಾನ ಹೋಯಿತು. ಹಾಗಿದ್ದೂ 1961ರ ಉಪಚುನಾವಣೆಗೆ ನಿಂತರು. ಜನ 13,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿದರು. ಆದರೆ ಚುನಾವಣಾ ನ್ಯಾಯಾಲಯ ಆ ಸ್ಥಾನವನ್ನು ಸೋತ ಎದುರಾಳಿಗೆ ಕೊಟ್ಟಿತು! ನೀನು ಸೋತದ್ದು ಲೆಕ್ಕದಲ್ಲಿ, ಮಗಳೇ. ಅವರು ಗೆದ್ದೂ ಹೊರಗೆ ನಿಂತರು.

ಹಾಗೆ ಹೊರಗಿದ್ದಾಗಲೇ, 1963ರ ಏಪ್ರಿಲ್ ಕೊನೆಯಲ್ಲಿ, ನಿಮ್ಮೂರಿನ ಬಸ್ ಬಹಿಷ್ಕಾರ ಶುರುವಾಯಿತು. ಬಿಳಿಯರಲ್ಲದವರನ್ನು ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಬಸ್ ಕಂಪನಿ ಪಟ್ಟು ಹಿಡಿದಿತ್ತು. ಪಾಲ್ ಸ್ಟೀಫನ್‌ಸನ್ ಎಂಬ ಯುವಕ ಮುಂದೆ ನಿಂತು ಜನರನ್ನು ಸೇರಿಸಿದ. ಬೆನ್ ತಾವೂ ಬಸ್ಸು ಹತ್ತುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. ಎಂ.ಪಿ. ಅಲ್ಲ, ಮಂತ್ರಿ ಅಲ್ಲ, ಕೈಯಲ್ಲಿ ಏನೂ ಇಲ್ಲ. ಜುಲೈ 31ಕ್ಕೆ ಪದವಿ ಬಿಡಲು ಅವಕಾಶ ಕೊಡುವ ಕಾನೂನು ಬಂತು, ಆಗಸ್ಟ್ 20ಕ್ಕೆ ಅವರು ಮತ್ತೆ ಗೆದ್ದರು. ಅದಾಗಿ ಎಂಟು ದಿನಕ್ಕೆ ಕಂಪನಿಯೂ ಮಣಿಯಿತು. ಸೆಪ್ಟೆಂಬರಿನಲ್ಲಿ ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲನೆಯವರು ನಮ್ಮವರೇ, ರಘಬೀರ್ ಸಿಂಗ್ ಎಂಬ ಸಿಖ್ಖರು. ನೀನು ದಿನಾ ಆ ಊರಲ್ಲಿ ಬಸ್ಸು ಹತ್ತುತ್ತೀಯ. ಇದು ನಿನಗೆ ಗೊತ್ತಿರಬೇಕು.

ನಾನೂ ಒಮ್ಮೆ ನಮ್ಮ ನೌಕರರ ಸಂಘದ ಚುನಾವಣೆಯಲ್ಲಿ ಸೋತು ಎರಡು ವರ್ಷ ಸಭೆಯ ಕಡೆ ಮುಖ ಹಾಕಲಿಲ್ಲ. ಹಳ್ಳಿ ಅಂಚೆ ಕಚೇರಿಗಳ ಇ.ಡಿ. ನೌಕರರ, ಅಂದರೆ ಖಾಯಂ ಅಲ್ಲದ ಇಲಾಖೇತರ ನೌಕರರ, ಅರ್ಜಿಗಳನ್ನು ಬರೆದುಕೊಡುತ್ತಿದ್ದವನು ನಾನೇ. ಆ ಎರಡು ವರ್ಷ ಅವರ ಅರ್ಜಿ ಬರೆಯುವವರಿರಲಿಲ್ಲ. ಒಬ್ಬರು ಮನೆ ಬಾಗಿಲಿಗೇ ಬಂದು, ಕೈಯಲ್ಲಿದ್ದ ಕಾಗದವನ್ನು ಕೊಡಲೂ ಆಗದೆ, ನೀರು ಕುಡಿದು ಹೊರಟುಹೋದರು. ಅದು ಇಂದಿಗೂ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ನಿನಗೆ ಅಂಥದ್ದು ಬೇಡ.

ಬೆನ್ ತಪ್ಪೇ ಮಾಡದವರು ಎಂದು ತಿಳಿಯಬೇಡ. 1981ರಲ್ಲಿ ಲೇಬರ್ ಪಕ್ಷದ ಉಪನಾಯಕ ಸ್ಥಾನಕ್ಕೆ ಡೆನಿಸ್ ಹೀಲಿ ಎದುರು ನಿಂತು, ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ಆ ಹೊತ್ತಿಗಾಗಲೇ ಪಕ್ಷದಿಂದ ಒಂದು ಗುಂಪು ಒಡೆದು ಹೋಗಿತ್ತು. ಇದ್ದವರೂ ತಿಂಗಳುಗಟ್ಟಲೆ ಪರಸ್ಪರ ಕಚ್ಚಾಡಿದರು. ತನ್ನ ಮಾತು ಸರಿ ಎಂಬ ನಂಬಿಕೆಯಲ್ಲಿ ಜೊತೆಯವರ ದಣಿವನ್ನು ಅವರು ನೋಡಲಿಲ್ಲ ಎಂದೇ ನನ್ನ ಅಭಿಪ್ರಾಯ. ನಿನಗೂ ಆ ಗುಣ ಸ್ವಲ್ಪ ಇದೆ, ಬೇಜಾರು ಮಾಡಿಕೊಳ್ಳಬೇಡ. 1983ರಲ್ಲಿ ಬ್ರಿಸ್ಟಲ್ಲೇ ಅವರನ್ನು ಸೋಲಿಸಿತು. ಮರುವರ್ಷ ಚೆಸ್ಟರ್‌ಫೀಲ್ಡ್ ಕ್ಷೇತ್ರದಿಂದ ಮತ್ತೆ ಆರಿಸಿ ಬಂದರು. 2001ರಲ್ಲಿ ಸಂಸತ್ತು ಬಿಡುವಾಗ, ರಾಜಕೀಯಕ್ಕೆ ಇನ್ನಷ್ಟು ಸಮಯ ಕೊಡಲು ಬಿಡುತ್ತಿದ್ದೇನೆ ಎಂದರು. ಇರಾಕ್ ಯುದ್ಧದ ವಿರುದ್ಧ ಲಂಡನ್ನಿನ ಬೀದಿಗಿಳಿದಾಗ ಎಪ್ಪತ್ತೇಳು ದಾಟಿತ್ತು.

ನನಗೆ ಬಹಳ ಹಿಡಿಸಿದ ಒಂದು ಸಂಗತಿ ಬರೆದುಬಿಡುತ್ತೇನೆ. ಹೆಂಗಸರಿಗೆ ಮತದ ಹಕ್ಕಿಲ್ಲದ 1911ರಲ್ಲಿ, ಜನಗಣತಿಯ ರಾತ್ರಿ, ಎಮಿಲಿ ಡೇವಿಸನ್ ಎಂಬಾಕೆ ಸಂಸತ್ ಭವನದ ನೆಲಮಾಳಿಗೆಯ ಪ್ರಾರ್ಥನಾ ಮಂದಿರದ ಕಸಪೊರಕೆ ಗೂಡಿನಲ್ಲಿ ಅಡಗಿದ್ದಳು, ತನ್ನ ವಿಳಾಸ ಸಂಸತ್ತೆಂದೇ ದಾಖಲಾಗಲಿ ಎಂದು. ಅವಳ ನೆನಪಿನ ಫಲಕವನ್ನು ಬೆನ್ ಯಾರ ಅಪ್ಪಣೆಯನ್ನೂ ಕೇಳದೆ ತಾವೇ ಸ್ಕ್ರೂ ಹಾಕಿ ಗೂಡಿನ ಬಾಗಿಲಿಗೆ ಕೂರಿಸಿದರು. 2014ರ ಮಾರ್ಚಿನಲ್ಲಿ ಅವರು ತೀರಿಕೊಂಡಾಗ, ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಶವಪೆಟ್ಟಿಗೆಯನ್ನು ಇಟ್ಟಿದ್ದು ಅದೇ ಮಂದಿರದಲ್ಲಿ. ಒಪ್ಪಿಗೆ ಕೊಟ್ಟದ್ದು ಅದೇ ರಾಣಿ.

ಹಾಸ್ಟೆಲ್ ಗೋಡೆಯ ಬೂಸ್ಟಿನ ಫೋಟೋ ತೆಗೆದು ನಲವತ್ತು ಜನರ ಸಹಿ ಹಾಕಿಸಿದ್ದೆಯಲ್ಲ, ಆ ಕಾಗದ ಇನ್ನೂ ನಿನ್ನ ಮೇಜಿನ ಮೇಲೇ ಇದೆಯಂತೆ. ಕೊಟ್ಟುಬಿಡು. ಕೊಟ್ಟ ದಿನ, ಯಾರ ಕೈಗೆ ಕೊಟ್ಟೆ, ಏನೆಂದರು, ಎಲ್ಲ ಬರೆದಿಡು. ಬೆನ್ ಹಾಗೆಯೇ ದಿನಚರಿ ಇಡುತ್ತಿದ್ದರು.

ಹೇಸ್ಟಿಂಗ್ಸ್ ಚೀಟಿ ಒಂದನ್ನು ಇದರೊಳಗೆ ಬಟರ್ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೇನೆ. ಬೆರಳು ತಾಗಿಸದೆ ಚಿಮುಟದಲ್ಲಿ ತೆಗೆ. ದೊಡ್ಡಮ್ಮ ಚಟ್ನಿಪುಡಿ ಬೇರೆ ಕಳಿಸುತ್ತಿದ್ದಾಳೆ.

ಇಂತಿ ನಿನ್ನ
ದೊಡ್ಡಪ್ಪ