ಒಂದೇ ಪಠ್ಯಪುಸ್ತಕದಲ್ಲಿ ಇಂಗ್ಲಿಷ್ ಮುಗಿಯಬಾರದು: ಪ್ರೌಢಶಾಲೆಯ ಓದಿನ ಕೋಣೆಗೆ ದೇಣಿಗೆ ಮನವಿ

ಆತ್ಮೀಯರೇ,

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪದ್ಯದ ಸಾರಾಂಶವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಅದೇ ದಿನ ಅವಳ ಕೈಗೆ ಎಂಟು ಸಾಲಿನ ಒಂದು ಚೀಟಿ ಕೊಟ್ಟೆ. ಯಾರೋ ಗ್ರಂಥಾಲಯದಲ್ಲಿ ಕೊಡೆ ಮರೆತು ಹೋಗಿದ್ದಾರೆ, ಗುರುತು ಹೇಳಿ ಪಡೆಯಬಹುದು ಎಂಬ ಇಂಗ್ಲಿಷ್ ಸೂಚನೆ ಅದು. ಅವಳು ಮೂರು ಸಲ ಓದಿ, ತಲೆಯೆತ್ತಿ ಕೇಳಿದಳು: "ಮಿಸ್, ಇದು ಯಾವ ಪಾಠದ್ದು?"

ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ಹುಡುಗಿ ಚುರುಕಾದವಳೇ. ಆದರೆ ಅವಳ ಪಾಲಿಗೆ ಇಂಗ್ಲಿಷ್ ಎಂದರೆ ಪಾಠ, ಪಾಠದ ಕೆಳಗಿನ ಪ್ರಶ್ನೆ, ನೋಟ್ಸಿನಲ್ಲಿರುವ ಉತ್ತರ, ಅಷ್ಟೇ. ಪಾಠದ ಆಚೆಗೂ ಇಂಗ್ಲಿಷ್ ಇದೆ, ಅದನ್ನು ಯಾರ ಹಂಗಿಲ್ಲದೆ ಓದಿ ತಿಳಿದುಕೊಳ್ಳಬಹುದು ಎಂಬುದನ್ನು ನಾವು ಅವಳಿಗೆ ತೋರಿಸಿಯೇ ಇರಲಿಲ್ಲ. ಅದನ್ನು ಸರಿಪಡಿಸಲು ನಮ್ಮ ಶಾಲೆಯಲ್ಲೊಂದು ಓದಿನ ಕೋಣೆ ತೆರೆಯಬೇಕೆಂದಿದ್ದೇವೆ. ಅದಕ್ಕಾಗಿಯೇ ಈ ಪತ್ರ.

ಕಳೆದ ಕೆಲವು ತಿಂಗಳು ಎರಡು ಹಳೆಯ ಟ್ಯಾಬ್ಲೆಟ್ ಮತ್ತು ಎರವಲು ತಂದ ಪುಸ್ತಕಗಳಿಂದ ಪ್ರಯೋಗ ನಡೆಸಿದೆವು. ಒಂದು ದಿನ ಮಕ್ಕಳಿಗೆ ಒಂದೇ ಫುಟ್‌ಬಾಲ್ ಪಂದ್ಯದ ಎರಡು ವರದಿ ಕೊಟ್ಟೆ. ಒಂದು ಗೆದ್ದ ತಂಡದ ಕಡೆಯ ಪತ್ರಿಕೆಯದು, ಇನ್ನೊಂದು ಸೋತವರ ಕಡೆಯದು. ಸೋತವರ ಪತ್ರಿಕೆ 'ರೆಫರಿ ಗೋಲನ್ನು ನಿರಾಕರಿಸಿದರು' ಎಂದಿತ್ತು. ಗೆದ್ದವರದು 'ಗೋಲು ನಿರಾಕರಿಸಲ್ಪಟ್ಟಿತು' ಎಂದಷ್ಟೇ ಹೇಳಿ ಮುಂದೆ ಹೋಗಿತ್ತು. ಕೊನೆಯ ಬೆಂಚಿನ ಹುಡುಗನೊಬ್ಬ ಎರಡೂ ವಾಕ್ಯಗಳ ಮೇಲೆ ಬೆರಳಿಟ್ಟು, "ಇದರಲ್ಲಿ ರೆಫರಿಯನ್ನು ಬಚ್ಚಿಟ್ಟಿದ್ದಾರೆ ಮಿಸ್" ಎಂದ. ಕರ್ಮಣಿ ಪ್ರಯೋಗವನ್ನು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಸೂತ್ರದಂತೆ ಬರೆದು ಉರು ಹೊಡೆಸಿದ್ದೇನೆ. ಅದು ಮಾಡಿದವರ ಹೆಸರು ಮರೆಮಾಚುವುದಕ್ಕೂ ಬರುತ್ತದೆ ಎಂದು ಯಾವ ಮಗುವೂ ಅದರಿಂದ ತಿಳಿದಿರಲಿಲ್ಲ.

ಬಗೆಬಗೆಯ ಬರಹ ಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಸುದ್ದಿ ಮೊದಲ ಸಾಲಿನಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ. ಕಥೆ ಕೊನೆಯವರೆಗೂ ಮುಚ್ಚಿಟ್ಟುಕೊಳ್ಳುತ್ತದೆ. ಔಷಧಿಯ ಚೀಟಿ ಆಜ್ಞೆ ಮಾಡುತ್ತದೆ, ಜಾಹೀರಾತು ಓಲೈಸುತ್ತದೆ, ನಾಟಕದಲ್ಲಿ ಮಾತಿನ ಹಿಂದಿನ ಮಾತನ್ನು ಓದುಗನೇ ಹಿಡಿಯಬೇಕು. ಅರ್ಜಿ, ಭಾಷಣ, ಚಿತ್ರಕಥೆ, ನಕಾಶೆ, ಸಂದರ್ಶನ, ಒಂದೊಂದಕ್ಕೂ ಅದರದೇ ನಡೆ. ಅಮೆರಿಕದ ಶಿಕ್ಷಣ ತಜ್ಞೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದ್ದರು: ಕೆಲವದರಲ್ಲಿ ಮಗು ತನ್ನನ್ನೇ ಕಾಣಬೇಕು, ಕೆಲವದರಿಂದ ಬೇರೆಯವರ ಬದುಕನ್ನು ನೋಡಬೇಕು. ಒಂದೇ ಪುಸ್ತಕ ಇಡೀ ತರಗತಿಗೆ ಎರಡೂ ಆಗಲಾರದು.

ಇನ್ನೊಂದು ತೊಡಕು ಪದಗಳದು. ನಿಘಂಟಿನ ನೆರವಿಲ್ಲದೆ ಕಥೆಯೊಂದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದರೆ ಅದರ ನೂರು ಪದಗಳಲ್ಲಿ ಸುಮಾರು 98 ಗೊತ್ತಿರಬೇಕು ಎಂದು ಭಾಷಾ ಕಲಿಕೆಯ ಸಂಶೋಧಕರಾದ ಹು ಮತ್ತು ಪಾಲ್ ನೇಷನ್ 2000ದ ತಮ್ಮ ಅಧ್ಯಯನದಲ್ಲಿ ಹೇಳಿದರು. 300 ಪದಗಳ ಪುಟದಲ್ಲಿ ಗೊತ್ತಿಲ್ಲದ್ದು ಆರೇ ಇರಬೇಕು ಎಂದಾಯಿತು. ನಮ್ಮ ತರಗತಿಯಲ್ಲಿ ಒಬ್ಬಳಿಗೆ ಆರು ಪದ ತಿಳಿಯದಿದ್ದರೆ ಪಕ್ಕದವನಿಗೆ ಅರವತ್ತು ತಿಳಿಯುವುದಿಲ್ಲ. ಅವನು ಓದುತ್ತಿಲ್ಲ, ಕಲ್ಲು ಹೊರುತ್ತಿದ್ದಾನೆ. ಅವನಿಗೆ ಅದೇ ವಿಷಯದ ಸರಳ ಬರಹ ಸಿಗಬೇಕು, ಅವಳಿಗೆ ಇನ್ನೂ ಗಟ್ಟಿಯಾದದ್ದು. ಟ್ಯಾಬ್ಲೆಟ್ ನೆರವಿಗೆ ಬರುವುದು ಇಂಥಲ್ಲಿ: ಮೂರು ಮಟ್ಟದ ಬರಹ, ಪದದ ಮೇಲೆ ಬೆರಳಿಟ್ಟರೆ ಅರ್ಥ, ಬೇಕಾದಷ್ಟು ದೊಡ್ಡ ಅಕ್ಷರ. ಯಾರು ಯಾವ ಮಟ್ಟದ್ದು ಓದುತ್ತಿದ್ದಾರೆಂದು ಇಡೀ ತರಗತಿಗೆ ತಿಳಿಯುವುದಿಲ್ಲ. ಹದಿಹರೆಯದ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಕಿವಿಯ ಮಾತು ಹೇಳಲೇಬೇಕು. ಇಂಗ್ಲಿಷಿನಲ್ಲಿ ಬರೆದಂತೆ ಓದುವಂತಿಲ್ಲ. ಓ-ಯು-ಜಿ-ಎಚ್ ಎಂಬ ನಾಲ್ಕೇ ಅಕ್ಷರ ದೋ, ಥ್ರೂ, ಟಫ್, ಕಾಫ್ ಎಂಬ ನಾಲ್ಕು ಪದಗಳಲ್ಲಿ ನಾಲ್ಕು ಬಗೆಯಾಗಿ ನುಡಿಯುತ್ತದೆ. ಕೇಳದೆ ಇದು ಬರುವುದಾದರೂ ಹೇಗೆ? ತರಗತಿಯಲ್ಲಿ ಬಾಯಿಯನ್ನೇ ಬಿಡದ ಒಬ್ಬ ಹುಡುಗಿಗೆ ಹೆಡ್‌ಫೋನ್ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದೆ. ಓದುವ ಧ್ವನಿಯ ವೇಗ ತಗ್ಗಿಸಿಕೊಂಡು ಒಂದೇ ಪ್ಯಾರಾವನ್ನು ಏಳು ಸಲ ಕೇಳಿದಳು. ತುಟಿ ಜೊತೆಜೊತೆಗೆ ಅಲುಗುತ್ತಿತ್ತು, ಬೆರಳು ಸಾಲಿನ ಕೆಳಗೆ ಹರಿಯುತ್ತಿತ್ತು. ಆಮೇಲೆ ತನ್ನ ಓದನ್ನು ತಾನೇ ರೆಕಾರ್ಡ್ ಮಾಡಿ, ಕೇಳಿ, ಅಳಿಸಿ, ಮತ್ತೆ ಓದಿದಳು. ಐದನೆಯದನ್ನು ನನಗೆ ಕೇಳಿಸಿದಳು. ಅವಳು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆ ದಿನ.

ಸಾಮಗ್ರಿಯಲ್ಲಿ ಬಹಳಷ್ಟು ಪುಕ್ಕಟೆ ಸಿಗುತ್ತದೆ. ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್ 1971ರಿಂದ ಒದಗಿಸುತ್ತಿದೆ; ಅಂಥವನ್ನೇ ಸ್ವಯಂಸೇವಕರು ಗಟ್ಟಿಯಾಗಿ ಓದಿ ಲಿಬ್ರಿವಾಕ್ಸ್‌ನಲ್ಲಿ 2005ರಿಂದ ಹಾಕುತ್ತಿದ್ದಾರೆ. ಕಿವಿಕ್ಸ್ ಎಂಬ ತಂತ್ರಾಂಶ ಇದ್ದರೆ ಇಂಟರ್ನೆಟ್ ಇಲ್ಲದ ಹೊತ್ತಿನಲ್ಲೂ ವಿಕಿಪೀಡಿಯ ತೆರೆಯಬಹುದು. ದೃಷ್ಟಿ ಮಂದವಾದ ಮಕ್ಕಳಿಗಾಗಿ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಕೂಡ ಉಚಿತ. ಆದರೆ ಪುಕ್ಕಟೆ ಸಿಗುವ ಕಥೆಗಳಲ್ಲಿ ಹೆಚ್ಚಿನವು ನೂರು ವರ್ಷ ಹಳೆಯ ಇಂಗ್ಲಿಷಿನವು. ಇಂದಿನ ಮಕ್ಕಳ ಬದುಕಿನ ಕಥೆ ಬೇಕೆಂದರೆ ಕೊಂಡೇ ತರಬೇಕು.

ಎಲ್ಲವನ್ನೂ ಪರದೆಗೆ ಒಪ್ಪಿಸುವ ಯೋಚನೆ ನಮಗಿಲ್ಲ. ಕಾಗದದ ಮೇಲಿನ ಓದನ್ನೂ ಪರದೆಯ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ, ಮಾಹಿತಿ ಬರಹಗಳನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ, ಓದಿದವರಿಗೆ ಕಾಗದದ್ದೇ ಹೆಚ್ಚು ಅರ್ಥವಾಗಿತ್ತು. ಆದ್ದರಿಂದ ಬಂದ ಹಣದ ಅರ್ಧ ಅಚ್ಚಿನ ಪುಸ್ತಕಕ್ಕೇ ಮೀಸಲು. ಕೃತಕ ಬುದ್ಧಿಮತ್ತೆಯಿಂದ ಉತ್ತರ ಬರೆಸಿಕೊಳ್ಳುವ ಆಸೆ ಮಕ್ಕಳಿಗಿದೆ, ಅದನ್ನು ಬಲ್ಲೆವು. ಮೊದಲ ಕರಡು ತರಗತಿಯಲ್ಲೇ, ಕೈಬರಹದಲ್ಲೇ ಎಂಬ ನಿಯಮ ಈಗಾಗಲೇ ಇದೆ, ಮುಂದೆಯೂ ಇರುತ್ತದೆ.

ಈಗ ಬೇಕಾದ್ದನ್ನು ಹೇಳುತ್ತೇನೆ. ತರಗತಿಯಲ್ಲಿ 40 ಮಕ್ಕಳು. ಇಬ್ಬರಿಗೊಂದರಂತೆ 20 ಟ್ಯಾಬ್ಲೆಟ್ ಸಾಕು. ಇಬ್ಬರು ಒಂದನ್ನೇ ನೋಡುವಾಗ ಮಾತು ಹುಟ್ಟುತ್ತದೆ, ನಮಗೆ ಬೇಕಾದದ್ದೂ ಅದೇ. ಪ್ರತಿ ಮಗುವಿಗೂ ಹೆಡ್‌ಫೋನ್, ಎನ್‌ವಿಡಿಎ ಹಾಕಿದ ಒಂದು ಕಂಪ್ಯೂಟರ್, ಚಾರ್ಜ್ ಮಾಡಿ ಬೀಗ ಹಾಕಿಡಲು ಒಂದು ಕಪಾಟು. ಅಚ್ಚಿನ ಪುಸ್ತಕಗಳು 30 ಶೀರ್ಷಿಕೆ, ಒಂದೊಂದರ ಆರು ಪ್ರತಿ. ಆರು ಮಂದಿ ಒಂದೇ ಪುಸ್ತಕ ಓದಿ ಕೂತು ಜಗಳವಾಡಲಿ ಎಂದು. ಬಳಸಿದ ಟ್ಯಾಬ್ಲೆಟ್ ಕೊಟ್ಟರೂ ಸಂತೋಷ. ಅದರ ಬ್ಯಾಟರಿ ನಾಲ್ಕು ತಾಸು ಬರಬೇಕು, ಭದ್ರತಾ ಅಪ್‌ಡೇಟ್ ನಿಂತಿರಬಾರದು. ಹಣ ಕೊಡಲಾಗದವರು ವಾರಕ್ಕೊಂದು ತಾಸು ಬಂದು ಮಕ್ಕಳ ಓದು ಕೇಳಿಸಿಕೊಂಡರೆ ಅದೂ ದೊಡ್ಡ ದೇಣಿಗೆಯೇ.

ಬಂದ ಹಣದ ಐದನೇ ಒಂದು ಭಾಗವನ್ನು ರಿಪೇರಿಗೂ ಶಿಕ್ಷಕರ ತರಬೇತಿಗೂ ತೆಗೆದಿಡುತ್ತೇವೆ. ಇದು ಕೆಲವರಿಗೆ ಹಿಡಿಸದಿರಬಹುದು. ದಾನಿಗಳಿಗೆ ವಸ್ತು ಕಣ್ಣಿಗೆ ಕಾಣಬೇಕು ಎನಿಸುವುದು ಸಹಜ. ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಗೆ ಹೊಸ ಪ್ರೊಜೆಕ್ಟರ್ ಬಂದಿತ್ತು. ಒಂದು ವರ್ಷದಲ್ಲಿ ಅದರ ದೀಪ ಹೋಯಿತು. ಬದಲಿಸಲು ಯಾವ ಲೆಕ್ಕದಲ್ಲೂ ಹಣವಿರಲಿಲ್ಲ. ನಾನು ಆ ಶಾಲೆ ಬಿಡುವವರೆಗೂ ಅದು ಹೊದಿಕೆಯೊಳಗೇ ಕೂತಿತ್ತು. ನಿಮ್ಮ ದೇಣಿಗೆಗೆ ಆ ಗತಿ ಬರಬಾರದು.

ದೇಣಿಗೆಯನ್ನು ಶಾಲೆಯ ಕಚೇರಿಯಲ್ಲೇ ಸಲ್ಲಿಸಿ, ರಸೀದಿ ಪಡೆಯಿರಿ. ಬಂದದ್ದು, ಹೋದದ್ದು ಎರಡರ ಲೆಕ್ಕವನ್ನೂ ಪ್ರತಿ ಅವಧಿಯ ಕೊನೆಗೆ ಸೂಚನಾ ಫಲಕದಲ್ಲಿ ಹಾಕುತ್ತೇವೆ. ಮಕ್ಕಳ ಹೆಸರು, ಫೋಟೊ, ಧ್ವನಿಯನ್ನು ಪ್ರಚಾರಕ್ಕೆ ಬಳಸುವುದಿಲ್ಲ. ನಿಮಗೆ ನೋಡಬೇಕೆನಿಸಿದರೆ ಓದಿನ ಅವಧಿಗೆ ನೀವೇ ಬನ್ನಿ, ಯಾವ ಬೆಂಚಿನಲ್ಲಿ ಬೇಕಾದರೂ ಕೂತು ಕೇಳಿ.

ನಿಮ್ಮ ನೆರವಿನ ನಿರೀಕ್ಷೆಯಲ್ಲಿ,
ಇಂಗ್ಲಿಷ್ ಶಿಕ್ಷಕಿ ಹಾಗೂ ಓದಿನ ಕೋಣೆ ಸಮಿತಿಯ ಪರವಾಗಿ